ನೋಡಲು ಬಂದವನನ್ನು ನೋಡುವ ಪಾತ್ರ

ಹೆಣ್ಣು ನೋಡಲು ಬಂದ ಗಂಡು ಹುಡುಗಿಯ ಮುಖವನ್ನೇ ನೋಡದೆ ಎದ್ದು ಹೋಗುತ್ತಾನೆ. ಆಲಿವರ್ ಗೋಲ್ಡ್‌ಸ್ಮಿತ್‌ನ ‘ಷಿ ಸ್ಟೂಪ್ಸ್ ಟು ಕಾಂಕರ್’ ನಾಟಕದ ಪ್ರೇಮಕಥೆ ಶುರುವಾಗುವುದೇ ಇಲ್ಲಿಂದ. ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ 1773ರ ಮಾರ್ಚ್ 15ರಂದು ಮೊದಲ ಪ್ರದರ್ಶನ ಕಂಡ ಈ ಹಾಸ್ಯ ನಾಟಕವನ್ನು ನಾವು ತುಮಕೂರಿನ ಹವ್ಯಾಸಿಗಳು ಕನ್ನಡಕ್ಕೆ ತಂದು, ಗುಬ್ಬಿ ಸೀಮೆಯ ತೋಟದ ಮನೆಯೊಂದರಲ್ಲಿ ನಡೆಯುವ ಕಥೆಯಾಗಿ ಆಡಿದೆವು. ನಾಯಕಿಯ ಪಾತ್ರ ನನ್ನದಾಗಿತ್ತು. ಶಾಲೆಯಲ್ಲಿ ಪಾಠ ಹೇಳಿ, ಸಂಜೆ ತಾಲೀಮಿಗೆ ಹೋಗಿ, ರಾತ್ರಿ ಮನೆಗೆ ಬಂದು ಅಡುಗೆ ಮಾಡಿದ ಆ ತಿಂಗಳುಗಳಲ್ಲಿ ಪ್ರೀತಿ, ಮೋಸ, ಮದುವೆ ಈ ಮೂರರ ಬಗ್ಗೆ ನಾನು ಯೋಚಿಸಿದಷ್ಟು ಹಿಂದೆಂದೂ ಯೋಚಿಸಿರಲಿಲ್ಲ.

ಕಥೆ ತಿಳಿಯದವರಿಗಾಗಿ ಇಷ್ಟು ಹೇಳಬೇಕು. ಹಾರ್ಡ್‌ಕ್ಯಾಸಲ್ ಎಂಬ ಹಳ್ಳಿಯ ಹಿರಿಯನ ಮಗಳು ಕೇಟ್. ಅವನ ಹಳೆಯ ಗೆಳೆಯ ಸರ್ ಚಾರ್ಲ್ಸ್ ತನ್ನ ಮಗ ಮಾರ್ಲೋನನ್ನು ಹುಡುಗಿ ನೋಡಲು ಕಳಿಸುತ್ತಾನೆ. ಗೆಳೆಯ ಹೇಸ್ಟಿಂಗ್ಸ್ ಜೊತೆ ಬರುವಾಗ ರಾತ್ರಿಯಲ್ಲಿ ದಾರಿ ತಪ್ಪುತ್ತದೆ. ಹೆಂಡದಂಗಡಿಯಲ್ಲಿ ಕುಳಿತಿದ್ದ ಟೋನಿ, ಅಂದರೆ ಹಾರ್ಡ್‌ಕ್ಯಾಸಲ್‌ನ ಹೆಂಡತಿಗೆ ಮೊದಲ ಮದುವೆಯಲ್ಲಿ ಹುಟ್ಟಿದ ಮಗ, ಆ ಮನೆಯನ್ನೇ ವಸತಿಗೃಹವೆಂದು ನಂಬಿಸಿ ಅವರನ್ನು ಸಾಗಹಾಕುತ್ತಾನೆ. ಮಾರ್ಲೋ ತನ್ನ ಭಾವಿ ಮಾವನನ್ನು ಹೋಟೆಲಿನ ಯಜಮಾನನೆಂದು ತಿಳಿದು ಅದು ತಾ, ಇದು ತಾ ಎಂದು ಆಜ್ಞೆ ಮಾಡುತ್ತಾನೆ. ಅವನ ಸ್ವಭಾವದಲ್ಲಿ ಒಂದು ವಿಚಿತ್ರವಿದೆ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳ ಮುಂದೆ ನಾಲಿಗೆ ಏಳುವುದಿಲ್ಲ. ಕೆಲಸದ ಹೆಣ್ಣುಮಕ್ಕಳ ಮುಂದೆ ಮಾತಿಗೂ ಕೈಗೂ ಕಡಿವಾಣವಿರುವುದಿಲ್ಲ. ಕೇಟ್ ಮೊದಲ ಭೇಟಿಯಲ್ಲಿ ಒಳ್ಳೆಯ ಉಡುಪಿನಲ್ಲಿರುತ್ತಾಳೆ, ಅವನು ತಲೆ ಎತ್ತುವುದಿಲ್ಲ. ಹಗಲು ತನಗೆ ಇಷ್ಟವಾದ ಉಡುಪು, ಸಂಜೆ ಅಪ್ಪನಿಗೆ ಇಷ್ಟವಾದ ಸರಳ ಉಡುಪು ಎಂದು ಅಪ್ಪ ಮಗಳ ನಡುವೆ ಒಪ್ಪಂದವಿದೆ. ಸಂಜೆ ಅವಳು ಸರಳ ಉಡುಪಿನಲ್ಲಿ ಕಂಡಾಗ ಮಾರ್ಲೋ ಅವಳನ್ನು ಹೋಟೆಲಿನ ಕೆಲಸದವಳೆಂದುಕೊಳ್ಳುತ್ತಾನೆ. ಮನೆಯ ಸೇವಕಿಯಿಂದ ಇದನ್ನು ತಿಳಿದ ಕೇಟ್ ಆ ತಪ್ಪನ್ನು ತಿದ್ದುವುದಿಲ್ಲ.

ನಾಟಕವನ್ನು ಕನ್ನಡಕ್ಕೆ ಅಳವಡಿಸಿದವರು ನಮ್ಮ ಮೇಷ್ಟ್ರು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಈಗಿನ ಕಾಲದಲ್ಲಿ ಕಥೆ ಇಟ್ಟರೆ ಒಂದು ಮೊಬೈಲ್ ಕರೆಯಲ್ಲಿ ಮುಗಿದುಹೋಗುತ್ತದೆ ಎಂದು ಅವರು ಅದನ್ನು 1950ರ ದಶಕದ ಕೊನೆಗೆ ಒಯ್ದರು. ಮೂಲದಲ್ಲಿ ಹಾರ್ಡ್‌ಕ್ಯಾಸಲ್ ಕೇಳುಗರು ಸಿಕ್ಕಿದಾಗಲೆಲ್ಲ ಹಳೆಯ ಯುದ್ಧದ ಕಥೆ ತೆಗೆಯುತ್ತಾನೆ. ನಮ್ಮ ಯಜಮಾನರು 1947ರ ಮೈಸೂರು ಚಲೋ ಚಳವಳಿಯ ಕಥೆ ತೆಗೆಯುತ್ತಾರೆ. ಹುಡುಗರು ಅದನ್ನು ತುಂಡರಿಸಿ, ರಾತ್ರಿ ಊಟಕ್ಕೆ ಏನಿದೆ, ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಕುದುರೆಗಾಡಿ ಕಮಾನು ಗಾಡಿಯಾಯಿತು. ಕೇಟ್ ಕಾತ್ಯಾಯಿನಿಯಾದಳು.

ಮೇಷ್ಟ್ರಿಗೆ ಹೆಚ್ಚು ಕಷ್ಟ ಕೊಡದ ಭಾಗವೆಂದರೆ ಒಡವೆಯ ಉಪಕಥೆ. ಹಾರ್ಡ್‌ಕ್ಯಾಸಲ್‌ನ ಹೆಂಡತಿಯ ಸುಪರ್ದಿಯಲ್ಲಿ ಕಾನ್‌ಸ್ಟನ್ಸ್ ಎಂಬ ತಬ್ಬಲಿ ಸೋದರ ಸೊಸೆ ಇದ್ದಾಳೆ. ಅವಳ ಒಡವೆಗಳೂ ಅತ್ತೆಯ ಬೀರುವಿನಲ್ಲಿವೆ. ಹುಡುಗಿಯನ್ನು ತನ್ನ ಮಗ ಟೋನಿಗೆ ತಂದುಕೊಂಡರೆ ಒಡವೆ ಮನೆಯಲ್ಲೇ ಉಳಿಯುತ್ತದೆ ಎಂಬುದು ಅತ್ತೆಯ ಲೆಕ್ಕ. ಹುಡುಗಿ ಪ್ರೀತಿಸುವುದು ಹೇಸ್ಟಿಂಗ್ಸ್‌ನನ್ನು. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಬಲ್ಲ ನಮ್ಮ ಸೀಮೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಲಿಲ್ಲ. ಓದಿನ ದಿನವೇ ಒಬ್ಬರು, “ಇದು ನಮ್ಮ ಚಿಕ್ಕಮ್ಮನ ಮನೆಯ ಕಥೆ” ಎಂದರು. ಆ ಒಡವೆಗಳ ಮೂಲದ ಬಗ್ಗೆ ಮೂಲ ನಾಟಕದಲ್ಲಿ ಒಂದು ಸಾಲು ಬರುತ್ತದೆ: ಅವುಗಳನ್ನು ಬಿಟ್ಟುಹೋದವನು ಹುಡುಗಿಯ ಚಿಕ್ಕಪ್ಪ, ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ. ಓದುತ್ತಿದ್ದವರೆಲ್ಲ ಅಲ್ಲಿ ನಿಂತೆವು. 1773 ಎಂದರೆ ಮೈಸೂರಿನಲ್ಲಿ ಹೈದರ್ ಅಲಿ ಆಳುತ್ತಿದ್ದ ಕಾಲ. ಲಂಡನ್ನಿನ ಪ್ರೇಕ್ಷಕರು ಗಮನಿಸದೆ ದಾಟಿಹೋಗಿರಬಹುದಾದ ಆ ಸಾಲನ್ನು ತುಮಕೂರಿನ ನಾವು ದಾಟಲಾರದೆ ಹೋದೆವು. ನಮ್ಮ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಬಿಡಬೇಕಾಯಿತು. ನನಗೆ ಈಗಲೂ ಅದನ್ನು ಬಿಟ್ಟದ್ದಕ್ಕೆ ಸಂಕಟವಿದೆ.

ಪಾತ್ರ ಹಂಚಿಕೆಯಲ್ಲಿ ಮಾರ್ಲೋ ಆಗಲು ಯಾರೂ ಮುಂದೆ ಬರಲಿಲ್ಲ. ಅರ್ಧ ನಾಟಕ ತೊದಲಬೇಕು, ಉಳಿದರ್ಧ ಜನರ ಬೈಗುಳ ತಿನ್ನಬೇಕು ಎಂದು ಹುಡುಗರು ಹಿಂದೆ ಸರಿದರು. ಗೋಲ್ಡ್‌ಸ್ಮಿತ್‌ಗೂ ಇದೇ ಗತಿಯಾಗಿತ್ತು ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಅಂದು ಹೆಸರಾಂತ ನಟರು ಈ ನಾಟಕದ ಮುಖ್ಯ ಪಾತ್ರಗಳನ್ನು ಬೇಡವೆಂದಿದ್ದರು, ರಂಗಮಂದಿರದ ವ್ಯವಸ್ಥಾಪಕ ಜಾರ್ಜ್ ಕೋಲ್ಮನ್‌ಗೆ ಇದು ಗೆಲ್ಲುತ್ತದೆಂಬ ನಂಬಿಕೆಯೇ ಇರಲಿಲ್ಲ. ಕೊನೆಗೆ ಮಾರ್ಲೋ ಪಾತ್ರ ಲೀ ಲ್ಯೂಯಿಸ್ ಎಂಬ ನಟನಿಗೂ, ಟೋನಿಯ ಪಾತ್ರ ಜಾನ್ ಕ್ವಿಕ್ ಎಂಬವನಿಗೂ ಸಿಕ್ಕಿ, ನಾಟಕ ಗೆದ್ದಿತು. ನಮ್ಮಲ್ಲಿ ಬ್ಯಾಂಕ್ ಉದ್ಯೋಗಿಯೊಬ್ಬರು ಮಾರ್ಲೋ ಆಗಲು ಒಪ್ಪಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದರು.

ತಾಲೀಮು ಒಂದು ಶಾಲೆಯ ಸಭಾಂಗಣದಲ್ಲಿ ನಡೆಯುತ್ತಿತ್ತು. ಮಾತು ಕಂಠಪಾಠಕ್ಕೆ ನಾನು ಬೆಳಿಗ್ಗೆ ಅಮಾನಿಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಮಾತು ಬೇಗ ಬಂತು. ಬಾರದೆ ಕಾಡಿದ್ದು ನೋಟ.

ಮೊದಲ ಭೇಟಿಯ ದೃಶ್ಯದಲ್ಲಿ ಮಾರ್ಲೋ ನೆಲ ನೋಡುತ್ತಾ ಅರ್ಧ ವಾಕ್ಯಗಳನ್ನು ಆಡುತ್ತಾನೆ, ಉಳಿದರ್ಧವನ್ನು ಕಾತ್ಯಾಯಿನಿ ಪೂರ್ತಿ ಮಾಡಿಕೊಡುತ್ತಾಳೆ. ಆ ಹೊತ್ತಿನಲ್ಲಿ ಅವಳು ಅವನನ್ನು ನೇರವಾಗಿ, ನಿಧಾನವಾಗಿ, ತಲೆಯಿಂದ ಪಾದದವರೆಗೆ ನೋಡಬೇಕು. ನನ್ನ ಕಣ್ಣು ತಾನಾಗಿ ಕೆಳಗಿಳಿಯುತ್ತಿತ್ತು. ಮೇಷ್ಟ್ರು ಬೈಯಲಿಲ್ಲ. “ಅವನು ನಿಮ್ಮನ್ನು ನೋಡುತ್ತಿಲ್ಲವಲ್ಲಮ್ಮಾ, ಯಾರಿಗೆ ನಾಚುತ್ತಿದ್ದೀರಿ?” ಎಂದು ಕೇಳಿದರು. ಉತ್ತರ ಹುಡುಕುತ್ತಾ ನನಗೆ ನನ್ನನ್ನು ನೋಡಲು ಬಂದಿದ್ದ ದಿನ ನೆನಪಾಯಿತು. ಆ ದಿನ ನಾನು ಕಂಡಿದ್ದು ಚಾಪೆಯ ಅಂಚು, ಕಾಫಿ ಲೋಟಗಳು, ಬಂದವರ ಪಾದಗಳು. ಹಾಡಲು ಬರುತ್ತದೆಯೇ, ಮುಂದೆ ಕೆಲಸಕ್ಕೆ ಹೋಗುತ್ತಾಳೆಯೇ ಎಂದೆಲ್ಲ ಕೇಳಿದರು. ನನಗೆ ಕೇಳುವುದೇನಾದರೂ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ. ಅವರನ್ನೇ ಮದುವೆಯಾದೆ, ನನ್ನ ಸಂಸಾರ ಚೆನ್ನಾಗಿದೆ. ಆದರೂ ಆ ಅರ್ಧ ಗಂಟೆಯಲ್ಲಿ ನೋಡುವ ಹಕ್ಕು ಒಂದು ಕಡೆಗೆ ಮಾತ್ರ ಇತ್ತು. ಕಾತ್ಯಾಯಿನಿಗೆ ಆ ಹಕ್ಕು ಪೂರ್ತಿಯಾಗಿ ಸಿಕ್ಕಿದೆ. ಬಂದವನು ಹೆದರಿ ಕುಳಿತಿದ್ದಾನೆ, ಅವಳು ನೋಡುತ್ತಿದ್ದಾಳೆ. ಇಡೀ ನಾಟಕದ ಬೀಜ ಇಲ್ಲಿದೆ ಎಂದು ನಾನು ನಂಬುತ್ತೇನೆ.

ಇದು ಹೊಳೆದ ಮೇಲೆ ನಾನು ಮನೆಯಲ್ಲಿ, ಬಸ್ಸಿನಲ್ಲಿ, ಶಿಕ್ಷಕರ ಕೊಠಡಿಯಲ್ಲಿ ಎದುರಿಗಿದ್ದವರ ಮುಖವನ್ನು ಕಣ್ಣು ತಗ್ಗಿಸದೆ ನೋಡುವ ಅಭ್ಯಾಸ ಮಾಡಿದೆ. ಜನ ಮಾತಾಡುವಾಗ ಅವರ ಹುಬ್ಬು, ತುಟಿಯ ಅಂಚು, ಕೈಬೆರಳು ಏನು ಮಾಡುತ್ತವೆ ಎಂದು ಗಮನಿಸಿದೆ. ಒಂದು ಸಂಜೆ ದೃಶ್ಯ ನಡೆಯುವಾಗ ಮಾರ್ಲೋ ಪಾತ್ರಧಾರಿ ನಿಜವಾಗಿಯೂ ಬೆವರಿ, “ಅಕ್ಕಾ, ಇವತ್ತು ನನಗೆ ನಟಿಸುವುದೇ ಬೇಕಾಗಲಿಲ್ಲ” ಎಂದರು.

ಎರಡನೆಯ ಭೇಟಿ ಇದಕ್ಕಿಂತ ದೊಡ್ಡ ಸಮಸ್ಯೆ ತಂದಿತು. ಕೆಲಸದವಳೆಂದು ತಿಳಿದ ಹುಡುಗಿಯ ಬಳಿ ಮಾರ್ಲೋ ಸಲುಗೆಯ ಮಾತಾಡುತ್ತಾನೆ, ಮುತ್ತು ಕೇಳುತ್ತಾನೆ, ಕೈ ಹಿಡಿದು ಎಳೆಯುತ್ತಾನೆ. ಅದೇ ಹೊತ್ತಿಗೆ ಅಪ್ಪ ಬರುತ್ತಾನೆ. ಪುಸ್ತಕದಲ್ಲಿ ನಗು ಉಕ್ಕುವ ಜಾಗ. ತಾಲೀಮಿನಲ್ಲಿ ಅದನ್ನು ಮಾಡಿದಾಗ ನನಗೆ ನಗು ಬರಲಿಲ್ಲ. ಪ್ರೇಕ್ಷಕರಿಗೆ ಇವಳು ಮನೆಯ ಮಗಳೆಂದು ಗೊತ್ತು, ಆದ್ದರಿಂದ ಧೈರ್ಯವಾಗಿ ನಗುತ್ತಾರೆ. ನಿಜವಾಗಿಯೂ ಹೋಟೆಲಿನ ಕೆಲಸದವಳಾಗಿದ್ದರೆ? ಆಗಲೂ ನಗಬೇಕೆ? ಈ ಪ್ರಶ್ನೆಯನ್ನು ನಾನು ತಂಡದ ಮುಂದೆ ಇಟ್ಟೆ. ಇನ್ನೂರೈವತ್ತು ವರ್ಷ ಹಳೆಯ ನಾಟಕ, ಹಾಗೆಯೇ ಇರಲಿ ಎಂದು ಕೆಲವರು. ದೃಶ್ಯವನ್ನೇ ತೆಗೆದುಬಿಡೋಣ ಎಂದು ಕೆಲವರು. ತೆಗೆದರೆ ನಾಟಕವೇ ಇಲ್ಲ. ಮಾರ್ಲೋ ಯಾರ ಮುಂದೆ ಅಳುಕುತ್ತಾನೆ, ಯಾರ ಮುಂದೆ ಮೆರೆಯುತ್ತಾನೆ ಎಂಬುದನ್ನು ಕಾತ್ಯಾಯಿನಿ ಕಣ್ಣಾರೆ ಕಾಣುವುದು ಇಲ್ಲಿಯೇ.

ಬಿಡಿಸಿಕೊಟ್ಟವರು ಸೇವಕಿಯ ಪಾತ್ರ ಮಾಡುತ್ತಿದ್ದ ಅಕ್ಕ. ಹಗಲೆಲ್ಲ ಒಂದು ಮೆಸ್ಸಿನಲ್ಲಿ ಅಡುಗೆ ಮಾಡಿ ಬಡಿಸುವವರು. ಮಗಳು ನಮ್ಮ ತಂಡದಲ್ಲಿ ಹಾಡುತ್ತಾಳೆಂದು ಜೊತೆಗೆ ಬಂದು, ಪಾತ್ರ ಸಿಕ್ಕಿ ಉಳಿದುಕೊಂಡವರು. ಅಷ್ಟು ದಿನ ಚರ್ಚೆಯಲ್ಲಿ ಬಾಯಿ ತೆರೆದಿರಲಿಲ್ಲ. ಅಂದು ನನ್ನ ಪಕ್ಕಕ್ಕೆ ಬಂದು ಹೇಳಿದರು: “ಮೇಡಂ, ನೀವು ಬರಿಗೈಯಲ್ಲಿ ಯಾಕೆ ನಿಲ್ಲುತ್ತೀರಿ? ನಾವು ಯಾವತ್ತೂ ಬರಿಗೈಯಲ್ಲಿ ನಿಲ್ಲುವುದಿಲ್ಲ. ಯಾರಾದರೂ ಮಾತು ಜಾಸ್ತಿ ಮಾಡಿದರೆ ಸಾಂಬಾರಿನ ಬಕೆಟ್ಟು ನಡುವೆ ಬರುತ್ತದೆ. ಬಿಸಿ ಇರುತ್ತದಲ್ಲ, ತಾನೇ ಹಿಂದೆ ಹೋಗುತ್ತಾರೆ.”

ಅವರು ಬಡಿಸುವುದನ್ನು ನೋಡಲು ಮೆಸ್ಸಿಗೆ ಹೋದೆ. ಮಧ್ಯಾಹ್ನದ ಹೊತ್ತು, ಕಾಲಿಡಲು ಜಾಗವಿಲ್ಲ. ಎಡಗೈಯಲ್ಲಿ ಬಕೆಟ್, ಬಲಗೈಯಲ್ಲಿ ಸೌಟು, ಸೆರಗು ಸೊಂಟಕ್ಕೆ ಬಿಗಿದು ಅಕ್ಕ ಸಾಲಿನಿಂದ ಸಾಲಿಗೆ ಹೋಗುತ್ತಿದ್ದರು. ಕುಳಿತವರ ಕಣ್ಣು ತಟ್ಟೆಯ ಮೇಲೆ ಇಲ್ಲವೇ ಮೊಬೈಲಿನ ಮೇಲೆ. “ಅನ್ನ”, “ಸಾರು”, “ಇಲ್ಲೊಂದು ಮಜ್ಜಿಗೆ”. ಬಡಿಸುವವರ ಮುಖವನ್ನು ಒಬ್ಬರೂ ನೋಡಲಿಲ್ಲ. ಅಕ್ಕ ಮಾತ್ರ ಎಲ್ಲರನ್ನೂ ನೋಡುತ್ತಿದ್ದರು: ಯಾರಿಗೆ ಅನ್ನ ಮುಗಿಯಿತು, ಯಾರು ಸಂಕೋಚದಿಂದ ಕೇಳುತ್ತಿಲ್ಲ, ಯಾರಿಂದ ಎರಡು ಹೆಜ್ಜೆ ದೂರ ನಿಲ್ಲಬೇಕು. ಕಾತ್ಯಾಯಿನಿ ಈ ವೇಷಕ್ಕೆ ಇಳಿದು ಪಡೆಯುವುದು ಏನು ಎಂಬುದು ನನಗೆ ಅಲ್ಲಿ ತಿಳಿಯಿತು. ತನ್ನನ್ನು ಯಾರೂ ಲೆಕ್ಕಕ್ಕಿಡದ ಜಾಗದಲ್ಲಿ ನಿಂತವಳಿಗೆ ಎಲ್ಲರೂ ಬಿಚ್ಚಿಕೊಂಡೇ ಕಾಣುತ್ತಾರೆ. ಆದರೆ ಕಾತ್ಯಾಯಿನಿ ಬೇಕೆಂದಾಗ ಆ ಜಾಗದಿಂದ ಎದ್ದು ಬರಬಲ್ಲಳು.

ಆ ದೃಶ್ಯಕ್ಕೆ ನನ್ನ ಕೈಗೆ ಬಿಸಿ ಕಾಫಿಯ ಹಿತ್ತಾಳೆ ಕೆಟಲ್ ಬಂತು. ಮಾರ್ಲೋ ಹತ್ತಿರ ಬಂದಾಗಲೆಲ್ಲ ಕೆಟಲ್ ನಡುವೆ ಬರುತ್ತದೆ. ಅವನು ಬಲಕ್ಕೆ ಸರಿದರೆ ಅದೂ ಬಲಕ್ಕೆ. ಕೊನೆಗೆ ಅವನು ಕೈ ಹಿಡಿಯಲು ಹೋಗಿ ಕೆಟಲ್ ಮುಟ್ಟಿ ಬೆರಳು ಸುಟ್ಟುಕೊಂಡು ಕೂಗುವ ಕ್ಷಣದಲ್ಲಿ ಅಪ್ಪನ ಪ್ರವೇಶ. ಗೋಲ್ಡ್‌ಸ್ಮಿತ್‌ನ ಒಂದು ಮಾತನ್ನೂ ಬದಲಿಸಬೇಕಾಗಲಿಲ್ಲ, ನಗು ಮಾತ್ರ ಹುಡುಗಿಯ ಮೇಲಿಂದ ಹುಡುಗನ ಮೇಲಕ್ಕೆ ಹೋಯಿತು. ಮೇಷ್ಟ್ರು ಆ ಸಂಜೆ ಅಕ್ಕನಿಗೆ ಕೈ ಮುಗಿದರು.

ಮೋಸದ ಬಗ್ಗೆ ನಮ್ಮಲ್ಲಿ ದೊಡ್ಡ ವಾದವೇ ನಡೆಯಿತು. ತುಮಕೂರಿನಲ್ಲಿ ನಾಟಕದ ಮಾತೆತ್ತಿದರೆ ಗುಬ್ಬಿ ಕಂಪನಿಯ ಹೆಸರು ಬಂದೇ ಬರುತ್ತದೆ. 1884ರಲ್ಲಿ ಶುರುವಾದ ಆ ಕಂಪನಿಯ ಜನಪ್ರಿಯ ನಾಟಕಗಳಲ್ಲಿ ಒಂದು ‘ಸದಾರಮೆ’, ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಅದರಲ್ಲಿ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರದ ಮಾತು ಹಳಬರ ಬಾಯಲ್ಲಿ ಇಂದಿಗೂ ಇದೆ. ಸದಾರಮೆ ಗಂಡುವೇಷ ಹಾಕುವುದು ತನ್ನನ್ನು ಕಾಪಾಡಿಕೊಳ್ಳಲು, ಅದಕ್ಕೆ ಯಾರ ಆಕ್ಷೇಪವೂ ಇಲ್ಲ; ಈ ಕಾತ್ಯಾಯಿನಿಗೆ ಯಾವ ಅಪಾಯವಿತ್ತು, ಪಾಪದ ಹುಡುಗನಿಗೆ ಸುಳ್ಳು ಹೇಳುವುದು ಸರಿಯೇ ಎಂದು ಹಿರಿಯ ನಟರೊಬ್ಬರು ಕೇಳಿದರು. ಗೊತ್ತಿಲ್ಲದವನ ಜೊತೆ ಬದುಕಿಡೀ ಕಳೆಯಬೇಕಾಗಿರುವುದು ಅಪಾಯವಲ್ಲವೇ ಎಂದು ನಾನು ಮರುಪ್ರಶ್ನೆ ಹಾಕಿದೆ.

ಮೂಲವನ್ನು ಮತ್ತೆ ಓದಿದಾಗ ಕೇಟ್ ಹೇಳುವ ಸುಳ್ಳುಗಳು ಒಂದೇ ಅಲ್ಲ, ಎರಡು ಎಂಬುದು ಸ್ಪಷ್ಟವಾಯಿತು. ಕೆಲಸದವಳೆಂಬುದು ಮೊದಲನೆಯದು. ಇದು ವಸತಿಗೃಹವಲ್ಲ ಎಂದು ತಿಳಿದು ಮಾರ್ಲೋ ನಾಚಿ ಹೊರಡಲು ಸಿದ್ಧನಾದಾಗ, ತಾನು ಈ ಮನೆಯ ಬಡ ಸಂಬಂಧಿಕಳು ಎನ್ನುತ್ತಾಳೆ, ಅದು ಎರಡನೆಯದು. ಮೊದಲ ಸುಳ್ಳಿನಿಂದ ಅವನ ಕೆಟ್ಟ ಮುಖ ಗೊತ್ತಾಯಿತು. ಒಳ್ಳೆಯ ಮುಖ ಏನಾದರೂ ಇದೆಯೇ ಎಂದು ತಿಳಿಯಲು ಎರಡನೆಯದು ಬೇಕಾಯಿತು. ಅವಳ ಕಣ್ಣೀರು ಕಂಡು ಮಾರ್ಲೋ ಕರಗುತ್ತಾನೆ. ಆದರೂ ಕುಲ, ಹಣ, ವಿದ್ಯೆಗಳ ಅಂತರದಿಂದ ಮದುವೆ ಆಗದು, ಮುಗ್ಧೆಯೊಬ್ಬಳನ್ನು ಕೆಡಿಸುವ ಯೋಚನೆಯೂ ತನಗಿಲ್ಲ ಎಂದು ಅವಳ ಮುಖ ನೋಡಿ ಹೇಳುತ್ತಾನೆ. ಅದುವರೆಗೆ ಒಬ್ಬ ಹೆಣ್ಣಿನ ಮುಂದೆ ಅವನು ತೊದಲದೆ, ಕೆಣಕದೆ ಆಡಿದ ಮಾತೇ ಇರಲಿಲ್ಲ. ಕಾತ್ಯಾಯಿನಿ ಅವನನ್ನು ಮೆಚ್ಚುವುದು ಇಲ್ಲಿ ಎಂದು ನಾನು ತೀರ್ಮಾನಿಸಿದೆ. ಕೊನೆಯ ಅಂಕದಲ್ಲಿ ಇಬ್ಬರು ಅಪ್ಪಂದಿರು ಪರದೆಯ ಹಿಂದೆ ನಿಂತು ಕೇಳುತ್ತಿರುವಾಗ, ಬಡ ಹುಡುಗಿಯೆಂದು ನಂಬಿಯೇ ಅವನು ಮದುವೆಯಾಗುತ್ತೇನೆ ಎಂದು ಮಂಡಿಯೂರುತ್ತಾನೆ. ಅಲ್ಲಿ ಗೆಲುವಿನ ನಗೆ ಬೀರುವಂತೆ ಮೇಷ್ಟ್ರು ಮೊದಲು ಸೂಚಿಸಿದ್ದರು. ನಾನು ಒಪ್ಪಲಿಲ್ಲ. ಅವಳು ಗೆದ್ದವಳಲ್ಲ, ನೆಮ್ಮದಿಗೊಂಡವಳು ಎಂದು ವಾದಿಸಿ ಹಾಗೆಯೇ ಆಡಿದೆ.

ಟೋನಿಯ ಭಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ತನ್ನಷ್ಟಕ್ಕೆ ತಾನೇ ಗೆಲ್ಲುತ್ತದೆ. ಕದ್ದ ಒಡವೆ ಕೈಯಿಂದ ಕೈಗೆ ದಾಟಿ ಮಾರ್ಲೋನ ಕೈಗೆ ಬಂದು, ಅವನು ಅದನ್ನು ಭದ್ರವಾಗಿರಲೆಂದು ‘ಹೋಟೆಲಿನ ಯಜಮಾನಿ’ಗೇ, ಅಂದರೆ ಅತ್ತೆಗೇ ತಲುಪಿಸುವಾಗ ಸಭಾಂಗಣ ತುಂಬ ಚಪ್ಪಾಳೆ. ಮೂಲದಲ್ಲಿ ಟೋನಿ ರಾತ್ರಿಯಿಡೀ ಗಾಡಿಯನ್ನು ಮನೆಯ ಸುತ್ತಲೇ ಸುತ್ತಿಸಿ, ಅಮ್ಮನನ್ನು ತೋಟದ ಕೆಳಗಿನ ಹೊಂಡದಲ್ಲಿ ಇಳಿಸುತ್ತಾನೆ. ಅವಳು ಮನೆಯಿಂದ ನಲವತ್ತು ಮೈಲಿ ದೂರ ಬಂದೆನೆಂದು ನಡುಗುತ್ತಾಳೆ. ನಮ್ಮ ಕಮಾನು ಗಾಡಿ ಕೆರೆ ಏರಿಯನ್ನೇ ಗಾಣದ ಎತ್ತಿನಂತೆ ಸುತ್ತಿತು. ಮಗ ಪ್ರಾಯಕ್ಕೆ ಬಂದು ಮೂರು ತಿಂಗಳಾಗಿದ್ದರೂ ಅಮ್ಮ ಅದನ್ನು ಬಚ್ಚಿಟ್ಟಿದ್ದಾಳೆಂಬುದು ಹೊರಬಿದ್ದು, ಅವನು ಒಲ್ಲೆನೆಂದ ಕೂಡಲೇ ಹುಡುಗಿಗೆ ಅವಳ ಒಡವೆ, ಅವಳ ಪ್ರೀತಿ ಎರಡೂ ದಕ್ಕುತ್ತವೆ.

ಸಿದ್ಧಗಂಗೆಯ ಜಾತ್ರೆ ಮುಗಿದ ಮೇಲೆ, ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರದಲ್ಲಿ ಪ್ರದರ್ಶನವಾಯಿತು. ಮೊದಲ ಭೇಟಿಯಲ್ಲಿ ನಾನು ಮಾರ್ಲೋನನ್ನು ನೋಡುತ್ತಾ ನಿಂತಾಗ ಸಭಾಂಗಣ ಒಂದೇ ಸಲ ನಗಲಿಲ್ಲ. ಹೆಂಗಸರು ಕುಳಿತಿದ್ದ ಸಾಲುಗಳಲ್ಲಿ ಶುರುವಾಗಿ ನಗು ಹಿಂದಕ್ಕೆ ಹರಿಯಿತು. ಕೆಟಲ್ ದೃಶ್ಯದಲ್ಲಿ ಯಾರೋ, “ಹಾಗೇ ಸುಡು” ಎಂದು ಕೂಗಿದರು. ನಾಟಕ ಮುಗಿದ ಮೇಲೆ ನೇಪಥ್ಯಕ್ಕೆ ಬಂದ ಒಬ್ಬ ಹುಡುಗಿ, ಮುಂದಿನ ವಾರ ತನ್ನನ್ನು ನೋಡಲು ಬರುತ್ತಿದ್ದಾರೆ, ಒಂದು ತಾಸು ಹುಡುಗನ ಜೊತೆ ಒಬ್ಬಳೇ ಮಾತಾಡಬೇಕೆಂದು ಅಪ್ಪನಿಗೆ ಹೇಳುತ್ತೇನೆ ಎಂದಳು. ಅವಳ ಅಪ್ಪ ಪಕ್ಕದಲ್ಲೇ ನಿಂತಿದ್ದರು. “ಮಾತಾಡು ಮಗಳೇ, ಎರಡು ತಾಸು ಮಾತಾಡು” ಎಂದರು.

ಇನ್ನೊಂದು ವಿಷಯ ಹೇಳಲೇಬೇಕು. ಮೂಲ ನಾಟಕದ ಕೊನೆಯಲ್ಲಿ ಕೇಟ್ ಪಾತ್ರಧಾರಿ, 1773ರಲ್ಲಿ ಮಿಸೆಸ್ ಬಲ್ಕ್‌ಲಿ, ಪ್ರೇಕ್ಷಕರ ಮುಂದೆ ಬಂದು ಉಪಸಂಹಾರದ ಪದ್ಯ ಹೇಳುತ್ತಾಳೆ. ಅದರಲ್ಲಿ ಗೋಲ್ಡ್‌ಸ್ಮಿತ್ ಒಬ್ಬ ಹೋಟೆಲಿನ ಕೆಲಸದ ಹೆಣ್ಣಿನ ಬದುಕನ್ನೇ ಐದು ಅಂಕಗಳಾಗಿ ವಿಂಗಡಿಸುತ್ತಾನೆ: ಕೆಲಸಕ್ಕೆ ಸೇರುವಾಗ ನಾಚುವ ಹಳ್ಳಿ ಹುಡುಗಿ, ಆಮೇಲೆ ವಸತಿಗೃಹದಲ್ಲಿ ಗಟ್ಟಿ ದನಿಯಲ್ಲಿ ಎಲ್ಲರನ್ನೂ ಆಳುವವಳು, ಆಮೇಲೆ ಪಟ್ಟಣ. ಆ ಪದ್ಯ ನನ್ನ ಪಾಲಿಗೆ ಬಂದಿತ್ತು. ಅದನ್ನು ಅಕ್ಕ ಹೇಳಲಿ ಎಂದು ಕೇಳಿಕೊಂಡೆ. ಮೇಷ್ಟ್ರು ಪದ್ಯವನ್ನು ಪಕ್ಕಕ್ಕಿಟ್ಟು, ಅಕ್ಕನ ಮಾತನ್ನೇ ಬರೆದುಕೊಂಡರು. ಪಾವಗಡದ ಕಡೆಯ ಮಳೆಯಿಲ್ಲದ ಊರಿನಿಂದ ಬಂದದ್ದು, ಮೊದಲ ದಿನ ಬಡಿಸುವಾಗ ಕೈ ನಡುಗಿದ್ದು, ನಸುಕಿನಲ್ಲಿ ಎದ್ದು ಹಿಟ್ಟು ರುಬ್ಬುವುದು, ತನ್ನ ಹೆಸರು ಕೇಳಿದ ಒಬ್ಬ ಹಾಸ್ಟೆಲ್ ಹುಡುಗ, ಕೇಳದ ನೂರಾರು ಜನ. ಕಾತ್ಯಾಯಿನಿಯ ಮದುವೆಯ ವಾದ್ಯ ನಿಂತ ಮೇಲೆ ಅಕ್ಕ ಮುಂದೆ ಬಂದು ಇದನ್ನು ಹೇಳುತ್ತಾರೆ.

ಈಗ ಮಧುಗಿರಿಯಿಂದ ಕರೆ ಬಂದಿದೆ. ನಾಟಕ ಉದ್ದವಾಯಿತು, ಮದುವೆಯಾದ ಮೇಲೆ ಬರುವ ಆ ಮಾತು ಬೇಡ, ಅಲ್ಲಿಗೇ ಮಂಗಳ ಹಾಡಿ ಎಂದು ಸಂಘಟಕರು ಕೇಳಿದರು. ಸಮಯ ಉಳಿಸಬೇಕಿದ್ದರೆ ಟೋನಿಯ ಹೆಂಡದಂಗಡಿಯ ಹಾಡನ್ನು ಕತ್ತರಿಸುತ್ತೇವೆ, ಅಕ್ಕನ ಮಾತನ್ನು ಬಿಡುವುದಿಲ್ಲ ಎಂದು ತಂಡ ಒಟ್ಟಾಗಿ ಉತ್ತರ ಕಳಿಸಿದೆ. ಟೋನಿ ಪಾತ್ರಧಾರಿಗೆ ಹಾಡೆಂದರೆ ಪ್ರಾಣ. ಅವನೂ ಆ ಪತ್ರಕ್ಕೆ ಸಹಿ ಹಾಕಿದ್ದಾನೆ.